ಗಣಕದ ಪೆಟ್ಟಿಗೆ: ಗಾಳಿ ಬರಲಿ, ದೂಳು ಬೇಡ

ಮೇಜಿನ ಕೆಳಗೆ ನಿಂತಿರುವ ಗಣಕದ ಪೆಟ್ಟಿಗೆಯನ್ನು ನಾವೆಲ್ಲ ರೂಢಿಯಲ್ಲಿ ‘ಸಿಪಿಯು’ ಎನ್ನುತ್ತೇವೆ. ನಿಜವಾದ ಸಿಪಿಯು ಅದರೊಳಗೆ ಬೆಂಕಿಪೊಟ್ಟಣದಷ್ಟು ಅಗಲವಾಗಿರುವ ಒಂದು ಚಿಪ್ ಮಾತ್ರ. ಪೆಟ್ಟಿಗೆಗೆ ಅಂಗಡಿಯವರು ಹೇಳುವ ಹೆಸರು ಕ್ಯಾಬಿನೆಟ್. ಗಣಕ ನಡೆಯುತ್ತಿರುವಾಗ ಕ್ಯಾಬಿನೆಟ್ಟಿನ ಹಿಂಬದಿಗೆ ಅಂಗೈ ಹಿಡಿದು ನೋಡಿ. ಬೆಚ್ಚನೆಯ ಗಾಳಿ ಸರಾಗವಾಗಿ ತಾಗಬೇಕು. ತಾಗದಿದ್ದರೆ, ಅಥವಾ ಗಾಳಿ ಕಡಿಮೆಯಾಗಿ ಫ್ಯಾನಿನ ಸದ್ದು ಮಾತ್ರ ಹೆಚ್ಚಾಗಿದ್ದರೆ, ಒಳಗೆ ದೂಳು ಮನೆಮಾಡಿದೆ ಎಂದು ಶಂಕಿಸಬೇಕು.

ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳಲ್ಲಿ ಇದು ಸರ್ವೇಸಾಮಾನ್ಯ. 1892ರಲ್ಲಿ ರೂಪುಗೊಂಡ ಈ ಬಡಾವಣೆಯ ಮನೆಗಳು ರಸ್ತೆಯ ಮಟ್ಟದಲ್ಲೇ ಇವೆ. ಎಷ್ಟೋ ಮನೆಗಳ ಮುಂದಿನ ಕೋಣೆ ಇಂದು ಜೆರಾಕ್ಸ್ ಅಂಗಡಿಯೋ ಡಿಟಿಪಿ ಕೇಂದ್ರವೋ ಆಗಿದೆ. ಒಂದು ಬದಿಗೆ ಮೈಸೂರು ರಸ್ತೆಯ ಬಸ್ಸುಗಳು, ಇನ್ನೊಂದು ಬದಿಗೆ ಕೃಷ್ಣರಾಜ ಮಾರುಕಟ್ಟೆ ಮತ್ತು ತರಗುಪೇಟೆಯ ಕಡೆಗೆ ಸಾಮಾನು ಹೊತ್ತ ಲಾರಿಗಳು. ಆದ್ದರಿಂದ ಇಲ್ಲಿನ ದೂಳು ಬರೀ ಮಣ್ಣಲ್ಲ. ರಸ್ತೆಯ ಮರಳಿನ ಪುಡಿ, ಟೈರಿನ ಸವಕಲು, ಹೊಗೆಯ ಮಸಿ, ಬಟ್ಟೆಯ ನೂಲು, ನಮ್ಮ ಚರ್ಮದ ಹೊಟ್ಟು, ಕಾಗದ ಕತ್ತರಿಸುವಾಗ ಏಳುವ ನಾರು ಎಲ್ಲವೂ ಅದರಲ್ಲಿವೆ. ಗಣಕಕ್ಕೆ ಅತಿ ಹೆಚ್ಚು ತೊಂದರೆ ಕೊಡುವುದು ಕೊನೆಯಲ್ಲಿ ಹೇಳಿದ ನಾರು. ಮರಳಿನ ಕಣ ಬಿದ್ದ ಕಡೆ ಸುಮ್ಮನೆ ಕುಳಿತಿರುತ್ತದೆ. ನಾರಾದರೋ ಎರಡು ತಗಡುಗಳ ನಡುವೆ ಸೇತುವೆ ಕಟ್ಟಿ ಮಿಕ್ಕ ದೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ನನಗೆ ಪರಿಚಯವಿರುವ ಒಂದು ಡಿಟಿಪಿ ಅಂಗಡಿಯಲ್ಲಿ ಆದದ್ದು ಇದೇ. ಅಕ್ಟೋಬರ್ ತಿಂಗಳ ಕೊನೆ. ರಾಜ್ಯೋತ್ಸವದ ಸ್ಮರಣ ಸಂಚಿಕೆಗಳ ಪುಟವಿನ್ಯಾಸ ಭರದಿಂದ ಸಾಗಿದ್ದ ಸಮಯ. ಅರ್ಧ ಗಂಟೆಗೊಮ್ಮೆ ಗಣಕ ತಾನಾಗಿಯೇ ಆರಿಹೋಗುತ್ತಿತ್ತು. ದುರಸ್ತಿಗೆ ಬಂದವರು ಮೊದಲು ವೈರಸ್ ಎಂದರು. ಎರಡು ಬಾರಿ ಎಲ್ಲವನ್ನೂ ಅಳಿಸಿ ತಂತ್ರಾಂಶಗಳನ್ನು ಹೊಸದಾಗಿ ಹಾಕಿದರು. ಆಮೇಲೆ ಮದರ್‌ಬೋರ್ಡೇ ಹೋಗಿದೆ, ಹೊಸ ಯಂತ್ರ ಕೊಳ್ಳುವುದು ಮೇಲು ಎಂದರು. ಅಂಗಡಿಯವರು ಸಾಲಕ್ಕೆ ಓಡಾಡತೊಡಗಿದ್ದರು. ಪಕ್ಕದ ತಗಡು ಬಿಚ್ಚಿ ನೋಡಿದರೆ, ಸಿಪಿಯು ಮೇಲಿನ ಹೀಟ್ ಸಿಂಕಿನ ರೆಕ್ಕೆಗಳ ಮೇಲೆ ಕಂಬಳಿಯ ತುಂಡಿನಂಥ ಪದರ. ಬ್ರಷ್ಷಿನಿಂದ ಅದನ್ನು ತೆಗೆದ ಮೇಲೆ ಯಂತ್ರ ದಿನವಿಡೀ ನಡೆಯಿತು. ಆದರೆ ನಾಲ್ಕು ತಿಂಗಳಲ್ಲಿ ಕಂಬಳಿ ಮತ್ತೆ ನೇಯ್ದುಕೊಂಡಿತ್ತು. ಶುಚಿಮಾಡಿದರೆ ಸಾಲದು, ಗಾಳಿ ಬರುವ ದಾರಿಯನ್ನೇ ಬದಲಿಸಬೇಕು ಎಂಬುದು ಆಗ ಸ್ಪಷ್ಟವಾಯಿತು. ಮುಂದೆ ವಿವರಿಸುವ ಮಾರ್ಪಾಟುಗಳನ್ನು ಮಾಡಿದ್ದು ಆ ಕ್ಯಾಬಿನೆಟ್ಟಿಗೇ. ಆಮೇಲೆ ಎರಡು ರಾಜ್ಯೋತ್ಸವಗಳು ಕಳೆದಿವೆ, ಯಂತ್ರ ಅದೇ.

ಗಣಕ ತಾನಾಗಿ ಆರುವುದು ಕಾಯಿಲೆಯಲ್ಲ, ಆತ್ಮರಕ್ಷಣೆ. 2000ದಲ್ಲಿ ಬಂದ ಪೆಂಟಿಯಂ 4ರ ಕಾಲದಿಂದ ಸಿಪಿಯು ತನ್ನ ಉಷ್ಣತೆಯನ್ನು ತಾನೇ ಅಳೆದುಕೊಂಡು, ಮಿತಿಯ ಹತ್ತಿರ ಬಂದಾಗ ಕೆಲಸದ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದರೆ ಪೂರ್ತಿಯಾಗಿ ಆರುತ್ತದೆ. ‘ಇತ್ತೀಚೆಗೆ ನಮ್ಮ ಕಂಪ್ಯೂಟರ್ ಬಹಳ ನಿಧಾನ’ ಎಂಬ ದೂರಿನ ಹಿಂದೆ ಅನೇಕ ಬಾರಿ ಇರುವುದು ವೈರಸ್ಸಲ್ಲ, ಒಂದು ಹಿಡಿ ದೂಳು. ಮದರ್‌ಬೋರ್ಡಿನ ಮೇಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿಗೆ ಇಂಥ ರಕ್ಷಣೆಯೂ ಇಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರಾಗಿ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ.

ಎಷ್ಟು ಗಾಳಿ ಬೇಕು?

ಇದನ್ನು ಪಿಯುಸಿಯ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಗಣಕ ಸೆಳೆಯುವ ವಿದ್ಯುಚ್ಛಕ್ತಿ ಎಷ್ಟೇ ಇರಲಿ, ಅದು ಲೆಕ್ಕ ಮಾಡಲಿ ಚಿತ್ರ ಬರೆಯಲಿ, ಹೆಚ್ಚು ಕಡಿಮೆ ಎಲ್ಲವೂ ಕೊನೆಗೆ ಶಾಖವಾಗುತ್ತದೆ. 200 ವಾಟ್ ಸೆಳೆಯುವ ಗಣಕವೆಂದರೆ ಹಳೆಯ ಕಾಲದ 100 ವಾಟಿನ ಎರಡು ಬಲ್ಬುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಉರಿಸಿಟ್ಟ ಹಾಗೆ. ಹೊರಹೋಗುವ ಗಾಳಿ ಒಳಬರುವ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದುಕೊಳ್ಳೋಣ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 1005 ಜೂಲ್ ಬೇಕು. ಅಂದರೆ ಸೆಕೆಂಡಿಗೆ ಸುಮಾರು 20 ಗ್ರಾಂ ಗಾಳಿ ಹಾದುಹೋಗಬೇಕು.

ಇಲ್ಲಿ ಬೆಂಗಳೂರಿನವರು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. 25 ಡಿಗ್ರಿ ಉಷ್ಣತೆಯಲ್ಲಿ ಮಂಗಳೂರಿನ ಒಂದು ಘನಮೀಟರ್ ಗಾಳಿ ಸುಮಾರು 1180 ಗ್ರಾಂ ತೂಗಿದರೆ ಬೆಂಗಳೂರಿನದು ಸುಮಾರು 1070 ಗ್ರಾಂ. ಫ್ಯಾನು ನೂಕುವುದು ಗಾಳಿಯ ಗಾತ್ರವನ್ನು. ಶಾಖವನ್ನು ಹೊರುವುದು ಗಾಳಿಯ ದ್ರವ್ಯರಾಶಿ. ಆದ್ದರಿಂದ ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಇಲ್ಲಿ ಶೇಕಡ 10ರಷ್ಟು ಕಡಿಮೆ ಶಾಖವನ್ನು ಹೊರಹಾಕುತ್ತದೆ. ನಮ್ಮ ಲೆಕ್ಕಕ್ಕೆ ಬೆಂಗಳೂರಿನಲ್ಲಿ ಸೆಕೆಂಡಿಗೆ ಸುಮಾರು 19 ಲೀಟರ್ ಗಾಳಿ ಬೇಕು. ಫ್ಯಾನಿನ ಡಬ್ಬದ ಮೇಲೆ ಅಚ್ಚಾಗಿರುವ ಸಿಎಫ್‌ಎಂ ಅಳತೆಯಲ್ಲಿ, ಅಂದರೆ ನಿಮಿಷಕ್ಕೆ ಘನ ಅಡಿಗಳಲ್ಲಿ, ಇದು 40. ಡಬ್ಬದ ಮೇಲಿನ ಸಂಖ್ಯೆ ಫ್ಯಾನಿನ ಮುಂದೆ ಏನೂ ಅಡ್ಡಿಯಿಲ್ಲದಾಗಿನದು ಎಂಬುದನ್ನು ಮರೆಯಬೇಡಿ.

ಈ 19 ಲೀಟರಿನ ಜೊತೆ ಎಷ್ಟು ದೂಳು ಬರುತ್ತದೆ? ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಗಣಕ ನಡೆದರೆ ಅದರೊಳಗೆ ಹಾಯುವ ಗಾಳಿ ಒಂದೂವರೆ ಲಕ್ಷ ಘನಮೀಟರಿಗೂ ಹೆಚ್ಚು. ನಮ್ಮ ದೇಶದಲ್ಲಿ 2009ರಲ್ಲಿ ಪ್ರಕಟವಾದ ವಾಯುಗುಣಮಟ್ಟದ ಮಾನಕದಂತೆ, 10 ಮೈಕ್ರೊಮೀಟರಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು. ಬೆಂಗಳೂರಿನ ಹಲವು ಮಾಪನ ಕೇಂದ್ರಗಳಲ್ಲಿ ಈ ಮಿತಿ ಮೀರಿದ ವರ್ಷಗಳುಂಟು. ಮಿತಿಯೊಳಗೇ ಇದೆ ಎಂದುಕೊಂಡರೂ ವರ್ಷಕ್ಕೆ ಸುಮಾರು 10 ಗ್ರಾಂ ದೂಳು ಪೆಟ್ಟಿಗೆಯನ್ನು ಹಾಯುತ್ತದೆ. ನಾರು, ಕೂದಲು, ಮರಳು ಇವು ಈ ಲೆಕ್ಕದಲ್ಲಿ ಸೇರಿಲ್ಲ. ಅವುಗಳ ಗಾತ್ರ ಅದಕ್ಕಿಂತ ದೊಡ್ಡದು.

ಸಮಾಧಾನದ ಸಂಗತಿಯೆಂದರೆ ಹಾಯುವುದೆಲ್ಲ ಒಳಗೆ ನಿಲ್ಲುವುದಿಲ್ಲ. ಬಹು ಸಣ್ಣ ಕಣಗಳು ಗಾಳಿಯ ತಿರುವುಗಳನ್ನು ಅನುಸರಿಸಿ ಹೊರಟುಹೋಗುತ್ತವೆ. ದೊಡ್ಡ ಕಣಗಳು ತಮ್ಮ ಜಡತ್ವದಿಂದಾಗಿ ತಿರುಗಲಾರದೆ ಎದುರಿಗಿದ್ದ ತಗಡಿಗೆ ಬಡಿಯುತ್ತವೆ. ಕಣದ ವ್ಯಾಸ ಹತ್ತು ಪಟ್ಟಾದರೆ ಈ ಹಟಮಾರಿತನ ನೂರು ಪಟ್ಟಾಗುತ್ತದೆ. ಆದ್ದರಿಂದ ನಾವು ತಡೆಯಬೇಕಾದುದು ದೊಡ್ಡವನ್ನು ಮಾತ್ರ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಗೆ ಬೇಕಾದ ಫಿಲ್ಟರ್ ನಮಗೆ ಬೇಕಾಗಿಲ್ಲ. ಅಷ್ಟೇ ಅಲ್ಲ, ಅದನ್ನು ಹಾಕಿದರೆ ಕೆಡುಕೇ ಹೆಚ್ಚು.

ಫ್ಯಾನಿನ ಬಡತನ

ಏಕೆಂದರೆ ಗಣಕದ ಫ್ಯಾನು ಒತ್ತಡದ ವಿಷಯದಲ್ಲಿ ಬಹಳ ಬಡಪಾಯಿ. 120 ಮಿಲಿಮೀಟರಿನ ಸಾಧಾರಣ ಫ್ಯಾನು ಉಂಟುಮಾಡಬಲ್ಲ ಗರಿಷ್ಠ ಒತ್ತಡ ಸುಮಾರು 10ರಿಂದ 15 ಪ್ಯಾಸ್ಕಲ್. ಅಂದರೆ ಒಂದು, ಒಂದೂವರೆ ಮಿಲಿಮೀಟರ್ ಎತ್ತರದ ನೀರಿನ ಸ್ತಂಭದಷ್ಟು. ನೀವು ಎಳನೀರನ್ನು ಸ್ಟ್ರಾದಿಂದ ಹೀರುವಾಗ ನೀರನ್ನು ಹದಿನೈದು ಸೆಂಟಿಮೀಟರಾದರೂ ಎತ್ತುತ್ತೀರಿ. ಅದು ಈ ಫ್ಯಾನಿನ ಶಕ್ತಿಯ ನೂರು ಪಟ್ಟು! ಇಂಥ ಫ್ಯಾನಿನ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿದವರನ್ನು ನೋಡಿದ್ದೇನೆ. ದೂಳೇನೋ ನಿಂತಿತು, ಗಾಳಿಯೂ ನಿಂತಿತು.

ಉಪಾಯವಿರುವುದು ಬಟ್ಟೆಯ ಜಾತಿಯಲ್ಲಿ ಮಾತ್ರವಲ್ಲ, ಅದರ ವಿಸ್ತಾರದಲ್ಲಿ. ಸೋಸುಬಟ್ಟೆಯ ವಿಸ್ತಾರವನ್ನು ನಾಲ್ಕು ಪಟ್ಟು ಮಾಡಿದರೆ ಅದರ ಮೂಲಕ ಗಾಳಿ ಹಾಯುವ ವೇಗ ಕಾಲು ಭಾಗವಾಗುತ್ತದೆ. ಸಣ್ಣ ರಂಧ್ರಗಳಲ್ಲಿ ಒತ್ತಡದ ನಷ್ಟ ವೇಗಕ್ಕೆ ಅನುಪಾತದಲ್ಲಿರುತ್ತದೆ, ಕೆಲವೊಮ್ಮೆ ವೇಗದ ವರ್ಗದತ್ತ ವಾಲುತ್ತದೆ. ಹೇಗಿದ್ದರೂ ನಷ್ಟ ಕಾಲು ಭಾಗಕ್ಕಾದರೂ ಇಳಿಯುತ್ತದೆ. ದೂಳು ತುಂಬಿ ಬಟ್ಟೆ ಕಟ್ಟಿಕೊಳ್ಳಲು ಹಿಡಿಯುವ ಕಾಲವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಫ್ಯಾನಿನ ಬಾಯಿಗಷ್ಟೇ ಬಟ್ಟೆ ಅಂಟಿಸಬೇಡಿ; ಕ್ಯಾಬಿನೆಟ್ಟಿನ ಇಡೀ ಮುಂಭಾಗವನ್ನೇ ಸೋಸುಬಟ್ಟೆ ಮಾಡಿ. 18 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಮುಂಭಾಗದ ವಿಸ್ತಾರ 120 ಮಿಲಿಮೀಟರಿನ ಒಂದು ಫ್ಯಾನಿನ ಬಾಯಿಯ ಆರು ಪಟ್ಟು.

ಬಟ್ಟೆ ಯಾವುದು? ಸೊಳ್ಳೆಪರದೆಯ ಕಣ್ಣುಗಳು ಒಂದು ಮಿಲಿಮೀಟರಿಗಿಂತ ದೊಡ್ಡವು. ಅದು ಕೂದಲು, ಉಣ್ಣೆ, ಜಿರಲೆಗಳನ್ನು ತಡೆದೀತು, ಅಷ್ಟೇ. ಚಾಮರಾಜಪೇಟೆಯ ಡಿಟಿಪಿ ಅಂಗಡಿಯವರಿಗೆ ಉತ್ತರ ಪಕ್ಕದ ಬೀದಿಯಲ್ಲೇ ಇತ್ತು. ಲಗ್ನಪತ್ರಿಕೆ ಅಚ್ಚುಮಾಡುವ ಸ್ಕ್ರೀನ್ ಪ್ರಿಂಟಿಂಗ್‌ನವರು ಚೌಕಟ್ಟಿಗೆ ಬಿಗಿಯುವ ಪಾಲಿಯೆಸ್ಟರ್ ಬಲೆ! ಸೆಂಟಿಮೀಟರಿಗೆ 43 ಎಳೆಗಳಿರುವ ಬಲೆಯ ಒಂದೊಂದು ಕಣ್ಣು ಸುಮಾರು 150 ಮೈಕ್ರೊಮೀಟರ್, ಒಟ್ಟು ವಿಸ್ತಾರದಲ್ಲಿ ಶೇಕಡ 40ರಷ್ಟು ತೆರಪು. ಅದಕ್ಕಿಂತ ನುಣುಪಾದುದು ಬೇಡ. ಕಾಗದದ ನಾರು ಅಗಲದಲ್ಲಿ ಈ ಕಣ್ಣಿಗಿಂತ ಸಣ್ಣದಾದರೂ ಉದ್ದದಿಂದಾಗಿ ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ನಾರುಗಳು ಒಂದು ತೆಳು ಪದರ ಕಟ್ಟಿ ಇನ್ನೂ ಸಣ್ಣ ಕಣಗಳನ್ನು ಹಿಡಿಯುತ್ತವೆ. ಹಾಗಾಗಿ ಕೊಳೆಯಾದ ಸೋಸುಬಟ್ಟೆ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಆದರೆ ಗಾಳಿಯ ಲೆಕ್ಕದಲ್ಲಿ ಅದರ ಬೆಲೆ ತೆರುತ್ತೇವೆ.

ಒಳಗಿನ ಒತ್ತಡ ಹೆಚ್ಚಿರಲಿ

ಸೋಸುಬಟ್ಟೆ ಹಾಕಿದ ಮಾತ್ರಕ್ಕೆ ಗಾಳಿ ಅದರ ಮೂಲಕವೇ ಬರಬೇಕೆಂದಿಲ್ಲ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಇರುವ ಫ್ಯಾನುಗಳೆಲ್ಲ ಹಿಂಬದಿಯಲ್ಲಿ. ಎಲ್ಲವೂ ಗಾಳಿಯನ್ನು ಹೊರಗೆ ನೂಕುವಂಥವು. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ. ಹೊರಗಿನ ಗಾಳಿ ಎಲ್ಲೆಲ್ಲಿ ಬಿರುಕಿದೆಯೋ ಅಲ್ಲೆಲ್ಲ ನುಗ್ಗುತ್ತದೆ: ಡಿವಿಡಿ ಡ್ರೈವಿನ ಬಾಗಿಲ ಸಂದು, ಯುಎಸ್‌ಬಿ ಕಿಂಡಿ, ಹಿಂಬದಿಯ ಖಾಲಿ ಸ್ಲಾಟುಗಳು. ಡಿವಿಡಿ ಡ್ರೈವುಗಳ ಮಸೂರ ಮಂಕಾಗುವುದಕ್ಕೆ ಇದೂ ಒಂದು ಕಾರಣ. ಒಳಕ್ಕೆ ನೂಕುವ ಗಾಳಿ ಹೊರಕ್ಕೆ ಸೆಳೆಯುವುದಕ್ಕಿಂತ ಹೆಚ್ಚಾಗಿದ್ದರೆ ಪರಿಸ್ಥಿತಿ ತಿರುವುಮುರುವಾಗುತ್ತದೆ. ಪ್ರತಿ ಬಿರುಕಿನಿಂದಲೂ ಗಾಳಿ ಹೊರಗೆ ಸೋರುತ್ತದೆ; ದೂಳಿಗೆ ಒಳಬರಲು ಸೋಸುಬಟ್ಟೆಯ ದಾರಿಯೊಂದೇ ಉಳಿಯುತ್ತದೆ. ಈ ತತ್ತ್ವ ಹೊಸದೇನಲ್ಲ. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಮಾದರಿಯನ್ನು ರೂಪಿಸಿದಾಗ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ಫ್ಯಾನು ಗಾಳಿಯನ್ನು ಒಳಕ್ಕೇ ಊದಬೇಕೆಂಬ ಯೋಚನೆಯಿತ್ತು. ಆದರೆ ಎಸ್‌ಎಂಪಿಎಸ್‌ನಲ್ಲಿ ಬಿಸಿಯಾದ ಗಾಳಿ ಸಿಪಿಯು ಮೇಲೆ ಬೀಳುವುದು ಒಳಿತಲ್ಲ; ಮುಂದೆ ಅದನ್ನು ಹೊರಕ್ಕೆ ಊದಿಸುವುದೇ ರೂಢಿಯಾಯಿತು.

‘ಬಿಸಿ ಗಾಳಿ ಹೇಗೂ ಮೇಲೇರುತ್ತದೆ, ಮೇಲೊಂದು ತೂತು ಕೊರೆದರೆ ಸಾಕು’ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 45 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಗಾಳಿ ಹೊರಗಿಗಿಂತ 10 ಡಿಗ್ರಿ ಬಿಸಿಯಾಗಿದ್ದರೆ ಸಂವಹನದಿಂದ ಉಂಟಾಗುವ ಒತ್ತಡದ ವ್ಯತ್ಯಾಸ ಸುಮಾರು 0.16 ಪ್ಯಾಸ್ಕಲ್. ಬಡಪಾಯಿ ಎಂದೆವಲ್ಲ, ಆ ಫ್ಯಾನಿನ ಒತ್ತಡದ ನೂರರಲ್ಲೊಂದು ಪಾಲು. ಒಲೆಯ ಮೇಲಿನ ಹೊಗೆಗೂಡಿಗೆ ಅಷ್ಟೆತ್ತರವೂ ಅಷ್ಟು ಶಾಖವೂ ಇರುವುದರಿಂದ ಅಲ್ಲಿ ಈ ತತ್ತ್ವ ನಡೆಯುತ್ತದೆ. ನಮ್ಮ ಪೆಟ್ಟಿಗೆಯ ನೆತ್ತಿಗೆ ಕೊರೆದ ತೂತು, ಗಣಕ ಆರಿರುವ ಹೊತ್ತಿನಲ್ಲಿ ದೂಳು ನೇರವಾಗಿ ಬೀಳಲು ಅನುಕೂಲ ಮಾಡಿಕೊಡುತ್ತದೆ, ಅಷ್ಟೆ. ಪಕ್ಕದ ತಗಡನ್ನು ಬಿಚ್ಚಿಟ್ಟು ಟೇಬಲ್ ಫ್ಯಾನು ತಿರುಗಿಸುವವರಿಗೂ ಇದೇ ಮಾತು: ಮೊದಲ ವಾರ ಉಷ್ಣತೆ ಇಳಿಯುತ್ತದೆ, ಆಮೇಲೆ ಎಲ್ಲ ಭಾಗಗಳ ಮೇಲೂ ಸಮನಾಗಿ ದೂಳು ಕೂರುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಎಸ್‌ಎಂಪಿಎಸ್‌ನ ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮ 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶೃಂಗಮೌಲ್ಯ ಸುಮಾರು 325 ವೋಲ್ಟ್. ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಆ ಮಟ್ಟದ ಆವೇಶವನ್ನು ಹಿಡಿದಿರಬಹುದು. ತಗಡು ಕತ್ತರಿಸುವುದಾದರೆ ಮದರ್‌ಬೋರ್ಡು ಮೊದಲಾಗಿ ಎಲ್ಲವನ್ನೂ ಹೊರತೆಗೆದು ಬೇರೆ ಕೋಣೆಯಲ್ಲಿಡಿ. ಕಬ್ಬಿಣದ ಒಂದು ಚೂರು ಬೋರ್ಡಿನ ಮೇಲೆ ಉಳಿದರೂ ಷಾರ್ಟ್ ಆಗುತ್ತದೆ.

ಕತ್ತರಿಸುವುದೇತಕ್ಕೆ? ಹಳೆಯ ಪೆಟ್ಟಿಗೆಗಳ ಮುಂಭಾಗದ ತಗಡಿನಲ್ಲಿ ಸಾಲು ಸಾಲು ಸಣ್ಣ ತೂತುಗಳಿರುತ್ತವೆ. ನಿಮ್ಮದನ್ನು ಅಳೆದು ನೋಡಿ. ತೂತಿನ ವ್ಯಾಸ 5 ಮಿಲಿಮೀಟರ್, ಪಕ್ಕದ ತೂತಿಗೆ ಅಂತರ 7 ಮಿಲಿಮೀಟರ್ ಇದ್ದರೆ, ಎಷ್ಟೇ ಒತ್ತಾಗಿ ಜೋಡಿಸಿದರೂ ತೆರಪು ಶೇಕಡ 46 ಮಾತ್ರ. ಬಡ ಫ್ಯಾನಿಗೆ ಇದೊಂದು ದಂಡ. ಕೈವಾರದಿಂದ ವೃತ್ತ ಎಳೆದು ಆ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಬಾಗಿಲು ಕಿಟಕಿ ಮಾಡುವ ಫ್ಯಾಬ್ರಿಕೇಷನ್ ಅಂಗಡಿಯವರಿಗೆ ಇದು ಹತ್ತು ನಿಮಿಷದ ಕೆಲಸ. ಅಂಚನ್ನು ಅರದಿಂದ ಉಜ್ಜಿ, ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗನ್ನು ಕೂರಿಸಿದರೆ ಕೈ ಕೊಯ್ಯುವುದಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದು ಸಿಗುತ್ತದೆ. ಫ್ಯಾನುಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಮುಂಭಾಗಕ್ಕೆ ಒಳಕ್ಕೆ ಊದುವ 120 ಮಿಲಿಮೀಟರಿನ ಎರಡು ಫ್ಯಾನುಗಳನ್ನು ಹಾಕಿ. ಒಂದನ್ನೇ ಜೋರಾಗಿ ತಿರುಗಿಸುವುದಕ್ಕಿಂತ ಎರಡನ್ನು ನಿಧಾನವಾಗಿ ತಿರುಗಿಸುವುದು ಲೇಸು. ವೇಗವನ್ನು ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ; ಅಗಲವಾದ ಸೋಸುಬಟ್ಟೆ ಏಕೆ ಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ. ಹಿಂಬದಿಯಲ್ಲಿ ಫ್ಯಾನಿದ್ದರೆ ಅದರ ವೇಗ ತಗ್ಗಿಸಿ. ಬಟ್ಟೆಯ ಅಡ್ಡಿಯನ್ನೂ ಗಣನೆಗೆ ತೆಗೆದುಕೊಂಡು, ಒಳಬರುವ ಫ್ಯಾನುಗಳ ಸಿಎಫ್‌ಎಂ ಹೊರಹೋಗುವುದರ ಒಂದೂವರೆ ಪಟ್ಟಾದರೂ ಇರಲಿ. ಹಿಂಬದಿಯ ಖಾಲಿ ಸ್ಲಾಟುಗಳನ್ನು ತಗಡಿನ ಪಟ್ಟಿಯಿಂದ ಮುಚ್ಚಿ.

ಬಲೆಯನ್ನು ಬಿಗಿಯಲು ಪುಸ್ತಕ ಕಟ್ಟುವವರ ದಪ್ಪ ರಟ್ಟಿನ ಚೌಕಟ್ಟು ಸಾಕು. ಹಳೆಯ ಫ್ರಿಜ್ಜಿನ ಬಾಗಿಲಲ್ಲಿರುವ ಅಯಸ್ಕಾಂತದ ಪಟ್ಟಿಯನ್ನು ಚೌಕಟ್ಟಿನ ಸುತ್ತ ಅಂಟಿಸಿದರೆ ಅದು ಉಕ್ಕಿನ ತಗಡಿಗೆ ತಾನೇ ಕಚ್ಚಿಕೊಳ್ಳುತ್ತದೆ, ತೆಗೆಯಲೂ ಸುಲಭ. ಬಲೆ ಫ್ಯಾನಿಗೆ ತಾಗದೆ ಎರಡು ಸೆಂಟಿಮೀಟರಾದರೂ ದೂರವಿರಲಿ. ಇಲ್ಲದಿದ್ದರೆ ಗಾಳಿ ಫ್ಯಾನಿನ ಎದುರಿಗಿನ ವೃತ್ತದಿಂದ ಮಾತ್ರ ಬಂದು, ಅಗಲ ಮಾಡಿದ್ದು ವ್ಯರ್ಥವಾಗುತ್ತದೆ. ಇತ್ತೀಚೆಗೆ ಕೆಲವು ಕ್ಯಾಬಿನೆಟ್ಟುಗಳಲ್ಲಿ ಬಲೆ ಮೊದಲೇ ಇರುತ್ತದೆ. ಆದರೆ ಅದರ ಮುಂದೆಯೇ ಇಡೀ ಗಾಜಿನ ಹಲಗೆ ನಿಲ್ಲಿಸಿ, ಒಳಗೆ ಮದುವೆ ಮನೆಯ ದೀಪಾಲಂಕಾರ ಮಾಡಿ ಮಾರುವುದೂ ಇದೆ. ಗಾಳಿ ಬರುವ ಸಂದು ಒಂದು ಬೆರಳು ಅಗಲವೂ ಇರುವುದಿಲ್ಲ. ಕೊಳ್ಳುವಾಗ ದೀಪವನ್ನು ನೋಡಬೇಡಿ, ಸಂದನ್ನು ನೋಡಿ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಕೋಣೆಯ ಫ್ಯಾನು ಆರಿಸಿ, ಗಣಕ ಹಾಕಿ, ಹೊಗೆಯನ್ನು ಪ್ರತಿ ಸಂದಿನ ಹತ್ತಿರ, ಕಿಡಿ ಬಟ್ಟೆಗೆ ತಾಗದಂತೆ, ಹಿಡಿಯಿರಿ. ಹೊಗೆ ಸಂದಿನಿಂದ ಆಚೆ ಸರಿದರೆ ಒಳಗಿನ ಒತ್ತಡ ಹೆಚ್ಚಿದೆ. ಒಳಕ್ಕೆ ಸೆಳೆದರೆ ಹಿಂಬದಿಯ ಫ್ಯಾನನ್ನು ಇನ್ನೂ ನಿಧಾನಿಸಬೇಕು. ಪರೀಕ್ಷೆಯ ಮಟ್ಟಿಗೆ ಊದುಬತ್ತಿ ಒಳ್ಳೆಯದು. ದಿನವೂ ಗಣಕದ ಪಕ್ಕದಲ್ಲೇ ಹಚ್ಚುವುದು ಬೇಡ. ಅದರ ಹೊಗೆಯ ಕಣಗಳು ಒಂದು ಮೈಕ್ರೊಮೀಟರಿಗಿಂತ ಸಣ್ಣವು, ಜಿಗುಟಾದವು. ನಮ್ಮ ಬಲೆ ಅವನ್ನು ತಡೆಯುವುದಿಲ್ಲ. ಆಯುಧಪೂಜೆಯ ದಿನ ಕ್ಯಾಬಿನೆಟ್ಟಿಗೆ ಹಚ್ಚುವ ಅರಿಸಿನ ಕುಂಕುಮವನ್ನು ಸಂದಿನಿಂದ ದೂರವಿಟ್ಟರೆ ಪೂಜೆಗೆ ಊನವಾಗದು ಎಂದು ನನ್ನ ಅಭಿಪ್ರಾಯ.

ಫಲಿತಾಂಶವನ್ನು ಅಳೆಯುವಾಗ ಸಿಪಿಯುವಿನ ಉಷ್ಣತೆಯೊಂದನ್ನೇ ಬರೆದುಕೊಳ್ಳಬೇಡಿ. ಅದು ಕೋಣೆಗಿಂತ ಎಷ್ಟು ಹೆಚ್ಚು ಎಂಬುದನ್ನು ಬರೆಯಿರಿ. ಇಲ್ಲದಿದ್ದರೆ ಏಪ್ರಿಲಿನಲ್ಲಿ ಅಳೆದು ಜುಲೈನಲ್ಲಿ ಹೋಲಿಸಿ, ಮಳೆಗಾಲ ಮಾಡಿದ ಉಪಕಾರವನ್ನು ಬಲೆಯ ಖಾತೆಗೆ ಜಮಾ ಮಾಡಿಕೊಳ್ಳುತ್ತೀರಿ.

ಮಳೆಗಾಲಕ್ಕೆ ಬೇರೆಯದೇ ಅಪಾಯವಿದೆ. ನಗರದ ದೂಳಿನಲ್ಲಿ ಅಮೋನಿಯಂ ಸಲ್ಫೇಟಿನಂಥ ಲವಣಗಳಿರುತ್ತವೆ. ಸಾಪೇಕ್ಷ ಆರ್ದ್ರತೆ ಶೇಕಡ 80 ಮುಟ್ಟಿದಾಗ ಈ ಲವಣ ಗಾಳಿಯ ತೇವವನ್ನು ಹೀರಿ ಕರಗುತ್ತದೆ. ಒಣಗಿದ್ದಾಗ ನಿರುಪದ್ರವಿಯಾಗಿದ್ದ ಪದರ ವಿದ್ಯುತ್ತನ್ನು ಸೋರಿಸತೊಡಗುತ್ತದೆ, ತಾಮ್ರದ ಗೆರೆಗಳನ್ನು ಕೊರೆಯುತ್ತದೆ. ಆದ್ದರಿಂದ ಒಳಗಿನ ಶುಚಿಯ ಕೆಲಸವನ್ನು ಜೂನ್‌ಗೆ ಮೊದಲೇ ಮುಗಿಸಿ. ಬಣ್ಣ ಬಳಿಯುವ ಮೆತ್ತನೆಯ ಒಣ ಬ್ರಷ್ಷು ಸಾಕು. ಪಂಕ್ಚರ್ ಅಂಗಡಿಗೆ ಹೊತ್ತೊಯ್ದು ಗಾಳಿ ಹೊಡೆಸುವವರಿದ್ದಾರೆ. ಆ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯೂ ಇರುವ ಸಂಭವವಿದೆ. ಊದುವುದೇ ಆದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಸುಮ್ಮನೆ ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕ್ಯಾಬಿನೆಟ್ಟನ್ನು ನೆಲದಿಂದ ಒಂದಡಿಯಾದರೂ ಎತ್ತರದಲ್ಲಿಡಿ. ಕಾಲಿನ ಓಡಾಟಕ್ಕೂ ಪೊರಕೆಗೂ ಏಳುವ ದಪ್ಪ ದೂಳು ಹೆಚ್ಚು ಮೇಲಕ್ಕೆ ಬರುವುದಿಲ್ಲ, ಬೇಗ ನೆಲ ಸೇರುತ್ತದೆ. ಗುಡಿಸುವ ಹೊತ್ತಿಗೆ ಗಣಕ ಆರಿದ್ದರೆ ಇನ್ನೂ ಒಳ್ಳೆಯದು.

ಬಲೆಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬುದನ್ನು ನಿಮ್ಮ ಬೀದಿಯೇ ನಿರ್ಧರಿಸುತ್ತದೆ. ಆ ಡಿಟಿಪಿ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರ ಅದೇ ಕೋಣೆಯಲ್ಲಿರುವುದರಿಂದ ಹದಿನೈದು ದಿನಕ್ಕೊಮ್ಮೆ ತೊಳೆಯುತ್ತಾರೆ. ಮಹಡಿಯ ಮನೆಯಲ್ಲಿ ಎರಡು ತಿಂಗಳು ಬಿಡಬಹುದು. ಬಲೆಯನ್ನು ಚೌಕಟ್ಟಿನಿಂದ ಬಿಡಿಸಿಕೊಳ್ಳುವಂತೆ ಕ್ಲಿಪ್ಪಿನಿಂದ ಹಿಡಿಸಿರಬೇಕು, ರಟ್ಟು ನೆನೆಯಬಾರದಲ್ಲ. ಸೋಪಿನ ನೀರಿನಲ್ಲಿ ಅದ್ದಿ, ಗಾಳಿ ಬಂದ ದಿಕ್ಕಿಗೆ ಎದುರಾಗಿ ನಲ್ಲಿ ನೀರು ಬಿಟ್ಟು, ನೆರಳಿನಲ್ಲಿ ಒಣಗಿಸಿ. ಒದ್ದೆಯಿರುವಾಗ ಹಾಕಬೇಡಿ. ಎರಡು ತುಂಡು ಕತ್ತರಿಸಿಟ್ಟುಕೊಂಡಿದ್ದರೆ ಒಂದು ಒಣಗುವವರೆಗೆ ಇನ್ನೊಂದು ಕೆಲಸಕ್ಕೆ ಬರುತ್ತದೆ.